ಯಂತ್ರ ತಣಿಯುವಷ್ಟು ಹೊತ್ತು

ಅಳುಹಾಡಿನ ಎರಡನೆಯ ಸಾಲು ಎಳೆದು ಮುಗಿಸುವ ಮೊದಲೇ ಬುರ್ಮಕಾನ್‌ಳ ಕಿವಿ ಅಂಗಳಕ್ಕೆ ಹೋಯಿತು. ಅಲ್ಲಿ ವೆಲ್ಡಿಂಗ್ ಯಂತ್ರ ಗುಂಯ್ ಎನ್ನುತ್ತಿತ್ತು. ಅದರ ಒಡೆಯ, ಅವಳ ಗಂಡ ಸತಾರ್‌ಕುಲ್, ಇದೇ ಕಂಬಳಿ ಗುಡಾರದೊಳಗೆ ಪರದೆಯ ಆಚೆ ಮಲಗಿದ್ದ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅವನನ್ನು ಮಣ್ಣಿಗೆ ಎತ್ತುವವರಿದ್ದರು.

“ಏನೇ ಅದು?” ಉಸಿರೆಳೆದುಕೊಳ್ಳುವ ನೆಪದಲ್ಲಿ ಪಕ್ಕದ ಓರಗಿತ್ತಿಯನ್ನು ಕೇಳಿದಳು.

“ಕಡಾಯಿಯ ಮುಕ್ಕಾಲಿ ಮುರೀತು ಕಣಕ್ಕಾ. ಸಾವಿಗೆ ಬಂದವರಿಗೆ ಬಡಿಸೋ ಕುದುರೆ ಮಾಂಸ ಅರ್ಧಂಬರ್ಧ ಬೆಂದಿದೆ. ನಮ್ಮನೆಯವರು ಬೆಸುಗೆ ಹಾಕ್ತಿದ್ದಾರೆ,” ಎಂದಳು ಸಾಯ್ರಾ.

“ಇಷ್ಟೊತ್ತಿಗೆ ಅದು ಟಕ್ ಅಂತ ತಾನೇ ನಿಲ್ಲಬೇಕಿತ್ತಲ್ಲ?”

“ನಿಲ್ತಾನೇ ಇತ್ತು. ಬಿಸಿಯಾದ್ರೆ ನಿಲ್ಲಿಸೋ ಆ ರಿಲೇದೇ ಕಾಟ ಅಂತ ಅದಕ್ಕೆ ಅಡ್ಡ ತಂತಿ ಕಟ್ಟಿದ್ರು. ಈಗ ನೋಡು, ತೆಪ್ಪಗೆ ಓಡ್ತಿದೆ.”



*

ಮದುವೆಯಾದ ಹೊಸತರಲ್ಲಿ ಸತಾರ್‌ಕುಲ್‌ನೂ ಹೀಗೇ ಮಾಡಿದ್ದ. ಯಾರದೋ ಗೋರಿಯ ಮೇಲಿನ ಕಬ್ಬಿಣದ ಗುಮ್ಮಟ ಬೇಗ ಮುಗಿಯಲೆಂದು ರಿಲೇಗೆ ತಂತಿ ಕಟ್ಟಿದ. ಒಳಗಿನ ಸುರುಳಿ ಸುಟ್ಟು ಕರಕಲಾಯಿತು. ಆ ಚಳಿಗಾಲವೆಲ್ಲ ಇಬ್ಬರೂ ಒಲೆಯ ಮುಂದೆ ಕೂತು ಹೊಸ ತಾಮ್ರದ ತಂತಿ ಸುತ್ತಿದರು. ಅವಳು ಎಳೆ ಬಿಗಿಯಾಗಿ ಹಿಡಿಯುವುದು, ಅವನು ಸುತ್ತುವುದು. ಅವಳ ಬೆರಳ ತುದಿ ಒಡೆದು ಹೋಗಿತ್ತು.

“ಸುಸ್ತಾದಾಗ ಅದೇ ಹೇಳುತ್ತೆ,” ಎಂದಿದ್ದ ಆ ಮೌನಿ. “ನಾನು ಕೇಳ್ಲಿಲ್ಲ.”

“ನಾನು ಹೇಳಿದ್ದನ್ನಾದರೂ ಯಾವಾಗ ಕೇಳಿದ್ರಿ?”

ಅವನು ನಕ್ಕದ್ದನ್ನು ಅವಳು ಆಗಲೇ ಮೊದಲು ನೋಡಿದ್ದು.

ಆಮೇಲೆ ಯಂತ್ರ ಟಕ್ ಎಂದಾಗಲೆಲ್ಲ ಅವನು ಮುಖವಾಡ ತೆಗೆದು ಜಗಲಿಗೆ ಬರುತ್ತಿದ್ದ. ಅವಳು ಚಹಾದ ಕೆಟಲು ತರುತ್ತಿದ್ದಳು. ಮಗಳನ್ನು ಎಲ್ಲಿಗೆ ಕೊಡುವುದು, ಎದೆಯಲ್ಲಿ ಚುಚ್ಚುವ ನೋವಿಗೆ ಯಾರನ್ನು ಕಾಣುವುದು, ಎಲ್ಲ ಮಾತೂ ಯಂತ್ರ ತಣಿಯುವಷ್ಟರಲ್ಲೇ ಆಗಬೇಕು. ತಣಿದರೆ ಮತ್ತೆ ಅವನು ಮೂಗ. ವಾರಕ್ಕೊಮ್ಮೆ ಅವನು ಅದರ ಧೂಳು ಊದಿ, ಕೇಬಲಿನ ತಿರುಪು ಬಿಗಿ ಮಾಡುವಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ಚೆನ್ನಾಗಿಟ್ಟರೆ ಅದು ನಿಲ್ಲುವುದಾದರೂ ಯಾವಾಗ?

*

ಗುಡಾರದ ಕಂಬಳಿಯಡಿಯಿಂದ, ತಾಮ್ರದ ಸುರುಳಿಗೆ ಬಳಿದ ವಾರ್ನಿಷ್ ಕಾದ ವಾಸನೆ ನುಸುಳಿತು.

“ಹೋಗಿ ಆರಿಸೋಕೆ ಹೇಳೇ. ಸುಟ್ಟು ಹೋಗುತ್ತೆ.”

“ಅಯ್ಯೋ, ನಾನಾ? ಬಾಗಿಲಲ್ಲಿ ಗಂಡಸರು ಸಾಲಾಗಿ ಕೋಲೂರಿ ಅಳ್ತಿದ್ದಾರೆ. ಹೆಣಕ್ಕಿಂತ ಯಂತ್ರ ಹೆಚ್ಚಾಯ್ತಾ ಅನ್ನಲ್ವಾ? ನೀನಂತೂ ಏಳೋ ಹಾಗೇ ಇಲ್ಲ.”

ಹೆಣ ಹೊರಡುವವರೆಗೆ ವಿಧವೆ ಗುಡಾರ ಬಿಡುವಂತಿಲ್ಲ, ಹಾಡಬಹುದು ಅಷ್ಟೆ. ಬುರ್ಮಕಾನ್ ಅಳುಹಾಡಿನ ರೂಢಿಯಂತೆ ಕಂಬಳಿ ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು, ದನಿ ಎತ್ತಿದಳು.

“ಕಬ್ಬಿಣ ಕೂಡಿಸಿದ ನನ್ನ ದೊರೆಯೇ, ನಿನ್ನ ಯಂತ್ರಕ್ಕೆ ಉಸಿರು ಕಟ್ಟಿದೆ. ನಾವಿಬ್ಬರೂ ಸುತ್ತಿದ ತಾಮ್ರ ಬೇಯುತ್ತಿದೆ. ರಿಲೇಗೆ ತಂತಿ ಕಟ್ಟಿದ ನಿನ್ನ ತಮ್ಮನಿಗೆ ಇನ್ನು ಯಾರು ಬುದ್ಧಿ ಹೇಳುವರು?”

ಹೊರಗಿನ ಅಳು ತಟ್ಟನೆ ನಿಂತಿತು.

“ಏ ಮಮಸಾಲಿ!” ಯಾರೋ ಮುದುಕರ ಗದರಿಕೆ. “ಸತ್ತವನ ಹೆಂಡ್ತಿ ನಿನ್ನನ್ನೇ ಹಾಡ್ತಿದ್ದಾಳೆ! ಆರಿಸೋ, ಕತ್ತೆ!”

“ಆರಿಸ್ದೆ ಅತ್ತಿಗೆ, ಆರಿಸ್ದೆ! ತಂತೀನೂ ಕಿತ್ತೆ!”

ಸಾಯ್ರಾ ಸೆರಗಿನಂತೆ ಇಳಿಬಿಟ್ಟ ರುಮಾಲಿನಲ್ಲಿ ನಗೆಯನ್ನೋ ಅಳುವನ್ನೋ ಮುಚ್ಚಿಕೊಂಡಳು.

ಯಂತ್ರದ ಸದ್ದು ಅಡಗಿತು. ಬುರ್ಮಕಾನ್‌ಳ ಬಲಗೈ ಸೊಂಟದಿಂದ ಜಾರಿ, ಪಕ್ಕದ ಜಮಖಾನದ ಮೇಲೆ ಮೆಲ್ಲಗೆ ಹರಿದಾಡುತ್ತ, ಕೆಟಲಿನ ಹಿಡಿಯನ್ನು ಹುಡುಕತೊಡಗಿತು.