ಕತ್ತರಿಸಿದ ಪಿನ್ನು

ಭಾವ ಗಿಟಾರಿನ ಸದ್ದು ಹೆಚ್ಚಿಸುವ ಆಂಪನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಡಬ್ಬಿ ಮಗುಚಿ ಸ್ಕ್ರೂಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಮೂರನೇ ಸಲ! ಇನ್ನೂ ಗುರ್ ಅಂತಾನೇ ಇದೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅನ್ನು, ಬೇರೆಯವರ ಹತ್ರ ಹೋಗ್ತೀನಿ," ಎಂದು ಕಾಯುತ್ತಿದ್ದ ಗಿರಾಕಿಗಳಿಗೂ ಕೇಳುವಂತೆ ಕೂಗಿದ.

ರೇಡಿಯೋ, ಸ್ಪೀಕರು, ಆಂಪು ರಿಪೇರಿಯ ಆ ಅಂಗಡಿ ಅವನ ಹೆಂಡತಿಯ ತಂಗಿಯದು. ಹೆಂಡತಿ ಗಿಟಾರ್ ನುಡಿಸುತ್ತ ಹಾಡುವವಳು. ಕಾರ್ಯಕ್ರಮ ಹಿಡಿಯುವುದು, ಸಾಮಾನು ಸಾಗಿಸುವುದು, ವೈರು ಜೋಡಿಸುವುದು ಭಾವನ ಪಾಲು.

ತಂಗಿ ಅಂಗಡಿಯ ಕರೆಂಟ್ ವೈರನ್ನೇ ಆಂಪಿಗೆ ಚುಚ್ಚಿ ಸ್ವಿಚ್ ಹಾಕಿದಳು. ಹಿಂದಿನ ಎರಡು ಸಲದಂತೆ ಈಗಲೂ ಆಂಪ್ ತೆಪ್ಪಗಿತ್ತು.

"ಇಲ್ಲಿ ಸರಿಯಾಗೇ ಇದೆಯಲ್ಲ ಭಾವ. ತೊಂದರೆ ನೀವು ಕಾರ್ಯಕ್ರಮ ಮಾಡೋ ರೂಮಲ್ಲೇ ಇರಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಗಿರಾಕಿಯೊಬ್ಬ ಕಿಸಕ್ಕೆಂದ. ತಂಗಿಗೆ ಮೈಯೆಲ್ಲ ಉರಿದುಹೋಯಿತು. ಚೀಲಕ್ಕೆ ಟೆಸ್ಟರು, ವೈರು ತುರುಕಿ, "ನಡೀರಿ, ಆ ನೆಲಾನೇ ನೋಡ್ತೀನಿ," ಎಂದವಳೇ ಗಿರಾಕಿಗಳನ್ನು ಕಳಿಸಿ ಅಂಗಡಿಗೆ ಬೀಗ ಹಾಕಿದಳು.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಅಕ್ಕ ಗಿಟಾರ್ ಹಿಡಿದು ಕೂತಿದ್ದಳು. ಸಂಜೆ ಆರಕ್ಕೆ ಅಲ್ಲೇ ವಾರದ ಕಾರ್ಯಕ್ರಮ. ಭಾವ ಆಂಪನ್ನು ಮೂಲೆಯಲ್ಲಿಟ್ಟು ಅಲ್ಲಿದ್ದ ವೈರು ಸಿಕ್ಕಿಸಿದ್ದೇ ತಡ, ಸುಯ್ ಎನ್ನುವುದು ಒಂದು, ಗುರ್ ಎನ್ನುವುದು ಒಂದು, ಎರಡೂ ಸದ್ದು ಕೋಣೆ ತುಂಬಿದವು.

ಆಂಪಿನ ಗೇನ್ ಗುಂಡಿ ಪೂರ್ತಿ ಹತ್ತರಲ್ಲಿತ್ತು. "ಇದನ್ನ ತಿರುಗಿಸಿದಷ್ಟೂ ಗಿಟಾರಿನ ಜೊತೆ ಕಸಾನೂ ದೊಡ್ಡದಾಗುತ್ತೆ. ಜೋರು ಬೇಕಾದ್ರೆ ವಾಲ್ಯೂಮ್ ಏರಿಸ್ಬೇಕು," ಎನ್ನುತ್ತ ತಂಗಿ ಗೇನನ್ನು ನಾಲ್ಕಕ್ಕೆ ಇಳಿಸಿದಳು. ಸುಯ್ ಎನ್ನುವುದು ಅಡಗಿತು. ಗುರ್ ಎನ್ನುವುದು ಅಲುಗಲಿಲ್ಲ. ನಡುವೆ ಇದ್ದ, ಗಿಟಾರಿನ ದನಿ ಬದಲಿಸುವ ಪೆಡಲುಗಳನ್ನು ಕಿತ್ತು ಗಿಟಾರನ್ನು ನೇರ ಆಂಪಿಗೆ ಹಾಕಿದಳು, ಕೇಬಲ್ ಬದಲಾಯಿಸಿದಳು. ಏನೂ ವ್ಯತ್ಯಾಸವಿಲ್ಲ.

"ಅಕ್ಕ, ತಂತಿಯಿಂದ ಕೈ ತೆಗಿ."

ಗುರ್ ಇನ್ನೂ ಜೋರಾಯಿತು. ಮುಟ್ಟಿದರೆ ಕಡಿಮೆ, ಬಿಟ್ಟರೆ ಜೋರು. ತಂಗಿಗೆ ಅನುಮಾನ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಮೇಲೆ ಹೋಯಿತು. ಗಿಟಾರನ್ನು ಸ್ಟ್ಯಾಂಡಿಗೆ ಹಾಕಿಸಿ, ಟೆಸ್ಟರಿನ ತುದಿಯನ್ನು ತಂತಿಗೆ ತಾಗಿಸಿದಳು. ಒಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿತು.

ಧಡಕ್ಕನೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. ಮೂರು ಪಿನ್ನುಗಳಲ್ಲಿ ದಪ್ಪನೆಯದು, ಅರ್ಥಿನದು, ಬುಡದವರೆಗೆ ಗರಗಸದಲ್ಲಿ ಕೊಯ್ದು ತೆಗೆಯಲಾಗಿತ್ತು.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದ ಭಾವ. "ಎರಡು ತಿಂಗಳಾಯ್ತು. ಮೊದಲು ಗುಂಯ್ ಅಂತಿತ್ತು, ಕತ್ತರಿಸಿದ ಮೇಲೆ ಅದು ನಿಲ್ತು. ಏನೀಗ?"

ಅಕ್ಕ ನಿಧಾನವಾಗಿ ಎದ್ದಳು. "ಎರಡು ತಿಂಗಳಿಂದ ಮೈಕಿಗೆ ತುಟಿ ತಾಗಿದಾಗೆಲ್ಲ ಚುರ್ ಅಂತಿದೆ ಅಂತ ನಾನು ಹೇಳ್ತಾನೇ ಇದ್ದೆ. ಸ್ಟೇಜ್ ಹೆದರಿಕೆ, ಧೈರ್ಯ ತಗೋ ಅಂದ್ರಿ."

"ಇಷ್ಟೇ ಇಷ್ಟು ಕರೆಂಟು. ಅದರಿಂದ ಯಾರೂ ಸಾಯಲ್ಲ."

ತಂಗಿ ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿದಳು. ಗೋಡೆಯ ಸ್ವಿಚ್ ಆರಿಸಿಯೇ ಇತ್ತು. ಅದು ಅವಳ ಬೆನ್ನ ಹಿಂದಿದ್ದರಿಂದ ಭಾವನಿಗೆ ಕಾಣುತ್ತಿರಲಿಲ್ಲ. ಗಿಟಾರನ್ನು ಭಾವನ ಮುಂದೆ ಚಾಚಿದಳು.

"ಹಾಗಾದ್ರೆ ತಂತಿ ಹಿಡ್ಕೊಂಡು ಮೈಕಿಗೆ ತುಟಿ ಇಡಿ ಭಾವ. ಒಂದೇ ಸಲ."

ಭಾವ ಕೈ ಚಾಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ.

ಅಕ್ಕ ಅದನ್ನು ನೋಡಿದಳು. ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪೇರಿತು. "ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಪ್ರತಿ ವಾರ ನನ್ನನ್ನ ಅದರ ಮುಂದೆ ನಿಲ್ಲಿಸಿದ್ರಿ. ಸದ್ದು ಬಂದ್ರೆ ಜನ ನಗ್ತಾರೆ ಅಂತ ನನ್ನ ಪ್ರಾಣಾನೇ ಒತ್ತೆ ಇಟ್ರಾ?"

"ಹಾಗಲ್ಲ ಕಣೇ…"

"ಬಾಯಿ ಮುಚ್ಚಿ!"

ಅಕ್ಕ ಗಂಡನಿಗೆ ಹಾಗೆ ಅಂದದ್ದನ್ನು ತಂಗಿ ಎಂದೂ ಕೇಳಿರಲಿಲ್ಲ.

ತಂಗಿ ಆ ವೈರನ್ನು ಕಿತ್ತು ಕಟಿಂಗ್ ಪ್ಲೇಯರಿನಿಂದ ತುಂಡು ತುಂಡು ಮಾಡಿ ಬುಟ್ಟಿಗೆಸೆದು, ತಾನು ತಂದಿದ್ದ ಮೂರು ಪಿನ್ನಿನ ವೈರು ಸಿಕ್ಕಿಸಿ ಸ್ವಿಚ್ ಹಾಕಿದಳು. ಗುರ್ ನಿಂತಿತು, ತಂತಿಗೆ ಮುಟ್ಟಿಸಿದರೂ ಟೆಸ್ಟರ್ ಹೊತ್ತಲಿಲ್ಲ. ಆದರೆ ಗುಂಯ್ ಎಂಬ ಹಳೆಯ ಸದ್ದು ಮರಳಿ ಬಂತು.

"ನೋಡು! ಇದಕ್ಕೇ ನಾನು ಕತ್ತರಿಸಿದ್ದು," ಎಂದ ಭಾವ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ." ತಂಗಿ ಬೆರಳು ತೋರಿಸಿದಳು. ಮೈಕಿನ ದನಿ ಸೇರುವ ಮಿಕ್ಸರ್ ಪೆಟ್ಟಿಗೆ ಒಂದು ಗೋಡೆಯ ಸಾಕೆಟ್ಟಿನಲ್ಲಿತ್ತು, ಆಂಪು ಎದುರು ಗೋಡೆಯದರಲ್ಲಿ. ನಡುವೆ ಎರಡನ್ನೂ ಸೇರಿಸುವ ಕೇಬಲ್ಲು. "ಎರಡು ಕಡೆಯ ಅರ್ಥ್ ಈ ಕೇಬಲ್ಲಲ್ಲಿ ಸೇರಿ ಸುತ್ತು ಹಾಕ್ತಿದೆ, ಅದಕ್ಕೇ ಗುಂಯ್ ಅನ್ನೋದು." ಎರಡೂ ಪ್ಲಗ್ಗುಗಳನ್ನು ತಂದು ಒಂದೇ ಬೋರ್ಡಿಗೆ ಚುಚ್ಚಿದಳು. ಗುಂಯ್ ಅಡಗಿತು. ಕೆಳಗೆ ಯಾರೋ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವುದು ಕೇಳಿಸಿತು.

ಅವಳಿಗೆ ಸಮಾಧಾನವಾಗಲಿಲ್ಲ. ಎರಡು ಸಲ ಅಂಗಡಿಯ ವೈರಿನಲ್ಲೇ ನೋಡಿ "ಸರಿಯಾಗಿದೆ" ಎಂದು ಕಳಿಸಿದ್ದಳು. ನಿಮ್ಮ ವೈರೂ ತನ್ನಿ ಎನ್ನಲು ತೋಚಿರಲಿಲ್ಲ. ಆ ಎರಡು ವಾರವೂ ಅಕ್ಕ ಹಾಡಿದ್ದಳು. ಭಾವನ ಮೇಲಿನ ಸಿಟ್ಟಿನಷ್ಟೇ ಸಿಟ್ಟು ತನ್ನ ಮೇಲೂ ಬಂತು. "ತಪ್ಪು ನಂದೂ ಇದೆ ಅಕ್ಕ," ಎಂದಳು.

"ನೀನು ತಿಳೀದೆ ಮಾಡಿದೆ," ಎಂದ ಅಕ್ಕ ಗಂಡನತ್ತ ತಿರುಗಿದಳು. "ಜನ ಬರ್ತಾರೆ, ಇವತ್ತು ಹಾಡ್ತೀನಿ. ಇನ್ಮೇಲೆ ಇದರ ಒಂದು ವೈರು ಮುಟ್ಟಿದ್ರೂ ಸರಿ ಇರಲ್ಲ. ಜೋಡಿಸೋದು ನಾನೇ ಕಲೀತೀನಿ. ನೀವು ಕುರ್ಚಿ ಹಾಕಿ ಸಾಕು."

ಸಂಜೆ ಭಾವ ಕುರ್ಚಿ ಹಾಕಿದ. ಅಕ್ಕ ಗುಂಡಿಗಳನ್ನು ತಾನೇ ತಿರುಗಿಸಿ, ಮೈಕಿನಿಂದ ಗೇಣು ದೂರ ನಿಂತು ಹಾಡಿದಳು. ದನಿ ಗಡುಸಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಅವಳು ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ.