ನೀಲಿ ಮುದ್ದೆ

ನಮ್ಮೆಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಬಾಯಿ ತೆರೆದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಮನೆಯಲ್ಲೂ ಅಷ್ಟೇ, ನನಗೆ ಬಾಯಿ ಹಾಕಲು ಸಂದೇ ಸಿಗುತ್ತಿರಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈಯೂ ಬಿತ್ತು, ಮಾತೂ ನಿಂತಿತು. ಈಗ ಮನೆಯಲ್ಲಿ ಮಾತನಾಡುವವಳು ನಾನೊಬ್ಬಳೇ, ಅದೂ ಕುಕ್ಕರಿನ ಜೊತೆ.

ಎಡಗೈಗೆ ಅಭ್ಯಾಸವಾಗಲಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಕುಂಚ ಹಿಡಿಸಿದಳು. ಇವರು ದಿನಾ ಬರೆದದ್ದು ಒಂದೇ ಚಿತ್ರ: ನಡುವೆ ನೀಲಿ ಮುದ್ದೆ, ಪಕ್ಕದಲ್ಲಿ ಕಪ್ಪು ಗೀಟು. ಅಂಥದ್ದೊಂದಕ್ಕೆ ಚೌಕಟ್ಟು ಹಾಕಿಸಿ ಆಸ್ಪತ್ರೆಯ ಚಿತ್ರಪ್ರದರ್ಶನದಲ್ಲಿ ತೂಗುಹಾಕಿದರು. ಕೆಳಗೆ ‘ಒಂಟಿ ದೋಣಿ’ ಎಂಬ ಚೀಟಿ.

"ಹೆಸರಿಟ್ಟೋರು ಯಾರಮ್ಮಾ?" ಎಂದು ಕೇಳಿದೆ.

"ನಾನೇ ಆಂಟಿ. ನೋಡಿದ್ರೆ ಹಾಗನ್ಸುತ್ತಲ್ವಾ?" ಎಂದಳು ಹುಡುಗಿ.

ಡಾಕ್ಟರಿಗೆ ಅದರಲ್ಲಿ ಮೆದುಳಿನ ಗಾಯ ಕಂಡಿತು. ಗಡ್ಡದ ಕಲಾವಿದನೊಬ್ಬ ಕನ್ನಡಕ ಏರಿಸಿ, "ಇದು ಮೌನದ ಭಾರ. ಕಲೆ ಅಂದ್ರೆ ಇದು," ಎಂದ. ನಾದಿನಿ ಕಣ್ಣೊರೆಸಿಕೊಂಡು, "ಅಮ್ಮನ ಸೀರೆ ಬಣ್ಣ ಅತ್ಗೆ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಬರೆದ ಮನುಷ್ಯ ಅಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದಾರೆ, ಒಬ್ಬರಾದರೂ ಅವರತ್ತ ತಿರುಗಬಾರದೇ?

ಜನ ಕರಗಿದ ಮೇಲೆ ಅವರ ಮುಂದೆ ಮಂಡಿಯೂರಿ ಕೂತೆ. ಕಲೆ ಕಟ್ಟಿಕೊಂಡು ನನಗೇನಾಗಬೇಕು? ಈ ತಲೆಯೊಳಗೆ ನನ್ನ ಗಂಡ ಇನ್ನೂ ಇದ್ದಾರೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು.

"ದೋಣಿನಾ?"

ಹೌದೆಂದು ತಲೆಯಾಡಿಸಿದರು.

"ನಿಮ್ಮಮ್ಮನ ಸೀರೆನಾ?"

ಅದಕ್ಕೂ ಹೌದು.

ಇನ್ನಷ್ಟು ಹತ್ತಿರ ಸರಿದೆ. "ನಾನಾ?"

ಹೌದು. ಒಂದು ಕ್ಷಣ ಜೀವ ಹಿಗ್ಗಿತು. ಅಷ್ಟಕ್ಕೇ ಎದ್ದುಬಿಡಬಹುದಿತ್ತು, ನನ್ನ ಹಾಳು ಬುದ್ಧಿ ಬಿಡಬೇಕಲ್ಲ.

"ಕತ್ತೆನಾ?"

ಅದಕ್ಕೂ ಹೌದು, ಥೇಟ್ ಅದೇ ಥರ.

ಇನ್ನೇನು ಉಳಿಯಿತು? ಇಷ್ಟು ದಿನ ತುತ್ತಿಟ್ಟು, ಬೆನ್ನುಜ್ಜಿ, ಊರ ಸುದ್ದಿಯೆಲ್ಲ ಹೇಳಿದ್ದು ಗೋಡೆಗೆ ಎಂದಾಯಿತು. ಅಳುವೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದವು.

"ಹಾಗಾದ್ರೆ ಅದು ಏನೂ ಅಲ್ಲ ಅನ್ನಿ. ಸುಮ್ನೆ ಗೀಚಿದ್ದು, ಅಲ್ವಾ?" ಎಂದು ಕಿರುಚಿದೆ.

ಆಡುತ್ತಿದ್ದ ತಲೆ ನಿಂತಿತು. ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. ಎಡಗೈ ಚಾಚಿ ನನ್ನ ಮುಂಗೈ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ನಿಧಾನವಾಗಿ ತಲೆಯಾಡಿಸಿ, ಅಲ್ಲ ಎಂದರು.