ಬ್ರೆಡ್ಡಿನ ಒಳಗೇನಿದೆ

ಮಕ್ಕಳ ವಾರ್ಡಿನಲ್ಲಿ ಊಟದ ಗಾಡಿ ತಳ್ಳುವ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಊಟದಕ್ಕ ಎಂದೇ. ತಟ್ಟೆ ಹಂಚುವುದು ಅವಳ ಅರ್ಧ ಕೆಲಸ. ತಟ್ಟೆ ವಾಪಸು ಬಂದಾಗ ಪೂರ್ತಿ, ಅರ್ಧ, ಕಾಲು, ಇಲ್ಲ ಎಂದು ಪುಸ್ತಕದಲ್ಲಿ ಬರೆಯುವುದು ಉಳಿದರ್ಧ. ಎರಡು ಬಟಾಣಿ ಕಾಳು ಮಿಕ್ಕಿದ್ದರೂ ‘ಪೂರ್ತಿ’ ಎಂದು ಬರೆಯಲು ಅವಳಿಗೆ ಕೈ ಬರುತ್ತಿರಲಿಲ್ಲ.

ಆಪರೇಷನ್ನಿಗೆಂದು ಸೇರಿಸಿದ್ದ ಏಳನೇ ಮಂಚದ ಹುಡುಗನಿಗೆ ಮೂರೂವರೆ ವರ್ಷ. ಕುಕ್ಕಿ ಕುಕ್ಕಿ ತಿನ್ನುತ್ತಾನೆಂದು ಗುಬ್ಬಿ ಎಂದು ಹೆಸರಿಟ್ಟವಳು ಊಟದಕ್ಕನೇ. ಬಂದ ದಿನ ಅವನು ಹಾಲು, ಬಾಳೆಹಣ್ಣು, ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ಇಷ್ಟನ್ನು ತಿನ್ನುತ್ತಿದ್ದ. ಹನ್ನೆರಡು ದಿನಗಳಲ್ಲಿ ಬ್ರೆಡ್ಡೊಂದೇ ಉಳಿದಿತ್ತು. ನಾಳೆ ಬೆಳಿಗ್ಗೆ ತೂಕ ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕು, ಆಪರೇಷನ್ನೂ ಮುಂದಕ್ಕೆ ಹೋಗುತ್ತದೆ ಎಂದು ಡಾಕ್ಟರು ತಾಯಿಗೆ ಹೇಳಿದ್ದನ್ನು ಊಟದಕ್ಕ ಪರದೆಯ ಈಚೆ ನಿಂತು ಕೇಳಿಸಿಕೊಂಡಿದ್ದಳು.

ಅಡುಗೆಯವರನ್ನು ಬೈದವರಿದ್ದರು, ಹುಡುಗನನ್ನು ಹಟಮಾರಿ ಎಂದವರಿದ್ದರು. ಊಟದಕ್ಕ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದಳು. ಹಾಲು ನಿಂತದ್ದು ಮೂರನೇ ದಿನ. ಅದರ ಹಿಂದಿನ ದಿನ, ಮಗ ಕಹಿ ಮಾತ್ರೆ ಉಗುಳುತ್ತಾನೆಂದು ತಾಯಿ ಗೋಳಾಡಿದ್ದಳು. ಪುಡಿ ಮಾಡಿ ಹಾಲಲ್ಲಿ ಕದಡಿಬಿಡಿ, ಮಕ್ಕಳಿಗೇನು ಗೊತ್ತಾಗುತ್ತೆ ಎಂದು ಹೇಳಿಕೊಟ್ಟವಳು ಊಟದಕ್ಕನೇ. ಹಾಲಿನ ಗುಟ್ಟು ರಟ್ಟಾದ ಮೇಲೆ ತಾಯಿ ಬಾಳೆಹಣ್ಣಿಗೆ ಹೋದಳು. ಆಮೇಲೆ ಮೊಟ್ಟೆಗೆ, ಆಮೇಲೆ ಆಲೂಗಡ್ಡೆಗೆ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಈ ಗುಬ್ಬಿ ಊದುವ ಗೋಜಿಗೂ ಹೋಗದೆ ಕೊಕ್ಕು ಮುಚ್ಚಿಕೊಂಡಿತ್ತು. ಹಾಳೆಯ ಮೇಲೆ ಇಲ್ಲ, ಇಲ್ಲ, ಇಲ್ಲ, ಇಲ್ಲ. ಎಲ್ಲವೂ ಅವಳದೇ ಅಕ್ಷರ.

ಸಿಸ್ಟರಿಗೆ ಹೇಳಬೇಕೆಂದು ಎರಡು ಸಲ ಹೋಗಿ, ಎರಡು ಸಲವೂ ಚಮಚ ಎಣಿಸುವ ನೆಪ ಮಾಡಿ ಹಿಂದಿರುಗಿದಳು. ಗಾಡಿ ತಳ್ಳುವವಳಿಗೆ ಔಷಧಿಯ ಉಸಾಬರಿ ಏಕೆ ಎಂದರೆ ಏನೆನ್ನುವುದು? ಕೆಲಸ ಹೋದರೆ? ಅದು ನುಂಗಲೂ ಆಗದ, ಉಗುಳಲೂ ಆಗದ ತುತ್ತಾಗಿತ್ತು.

ಮಧ್ಯಾಹ್ನ ಗಾಡಿ ಏಳನೇ ಮಂಚಕ್ಕೆ ಬಂದಾಗ ತಾಯಿ ಕಾದು ಕುಳಿತಿದ್ದಳು. ಬ್ರೆಡ್ಡಿನ ಚೂರೊಂದನ್ನು ಊಟದಕ್ಕನ ಕೈಗಿತ್ತಳು. ನಡುವೆ ಸೀಳಿ ಮತ್ತೆ ಒತ್ತಿ ಮುಚ್ಚಿದ ಚೂರು.

“ನಿಮ್ಮ ಕೈಯಿಂದಾದ್ರೆ ತಿಂತಾನೆ ಅಕ್ಕಾ. ನಿನ್ನೆಯಿಂದ ಮಾತ್ರೆ ಒಳಗೆ ಹೋಗಿಲ್ಲ. ನನ್ನ ಕಂಡ್ರೆ ಬಾಯೇ ಬಿಡಲ್ಲ.”

ಊಟದಕ್ಕನನ್ನು ಕಂಡದ್ದೇ ಹುಡುಗ ಬಾಯಿ ತೆರೆದ. ಅವಳ ಕೈ ಅರ್ಧದಲ್ಲಿ ನಿಂತಿತು. ಅವನು ಬಾಯಿ ಮುಚ್ಚಲಿಲ್ಲ, ಕಾಯುತ್ತಲೇ ಇದ್ದ.

ಅವಳು ಚೂರನ್ನು ತಟ್ಟೆಗಿಟ್ಟಳು. “ಇದನ್ನ ನಾನು ಕೊಡಲ್ಲಮ್ಮ. ಇದೂ ಹೋದ್ರೆ ಇವನಿಗೆ ಇನ್ನೇನೂ ಉಳಿಯಲ್ಲ. ಔಷಧಿನ ಔಷಧಿ ಅಂತಲೇ ಕೊಡಿ.”

“ಹೇಳಿಕೊಟ್ಟೋರೂ ನೀವೇ, ಈಗ ಬುದ್ಧಿ ಹೇಳೋರೂ ನೀವೇನಾ?”

ಸಿಸ್ಟರ್ ಆಗಲೇ ಹಿಂದೆ ಬಂದು ನಿಂತಿದ್ದರು. ಊಟದಕ್ಕ ತಿರುಗಿ, ಹೌದು, ಹೇಳಿದ್ದು ತಾನೇ ಎಂದಳು. ಆಮೇಲೆ ಮಾತಾಡೋಣ ಎಂದಷ್ಟೇ ಸಿಸ್ಟರ್ ಹೇಳಿ, ಬೇರೆ ಮಾತ್ರೆಯೊಂದನ್ನು ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜನ್ನು ಹುಡುಗನಿಗೆ ತೋರಿಸಿ, ಕಹಿ ಇದೆ, ಮೂರು ಎಣಿಸುವಷ್ಟರಲ್ಲಿ ಮುಗಿಯುತ್ತದೆ ಎಂದರು. ಅವನು ಅತ್ತ, ಕೆಮ್ಮಿದ, ನುಂಗಿದ. ಇನ್ನು ಬ್ರೆಡ್ಡು ಕೊಡಿ ಎಂದು ಸಿಸ್ಟರ್ ಹೊರಟುಹೋದರು.

ಊಟದಕ್ಕ ಅವನೆದುರೇ ಹೊಸ ಪೊಟ್ಟಣ ಒಡೆದು ಒಂದು ಚೂರು ಕೊಟ್ಟಳು. ಹುಡುಗ ಅದನ್ನು ಹಿಡಿದುಕೊಂಡ. ಆದರೆ ಅವನ ಕಣ್ಣು ತಟ್ಟೆಯ ಮೇಲಿತ್ತು. ಅಲ್ಲಿ ಮೊದಲಿನ ಚೂರು ಮೆಲ್ಲಗೆ ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ಬಿಳಿ ಪುಡಿ ಕಾಣುತ್ತಿತ್ತು.

ಅವನು ಕೈಯಲ್ಲಿದ್ದ ಬ್ರೆಡ್ಡನ್ನು ಎರಡಾಗಿ ಹರಿದು ಒಳಗೆ ನೋಡಿದ. ಆ ಎರಡನ್ನು ನಾಲ್ಕು ಮಾಡಿ ನೋಡಿದ. ಅಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಹರಿಯಲು ಏನೂ ಉಳಿಯಲಿಲ್ಲ. ಹಾಸಿಗೆಯ ಮೇಲೆ ಉಗುರಿನಷ್ಟಗಲದ ಏಳೆಂಟು ಚೂರುಗಳಿದ್ದವು.

ಅದರಲ್ಲೊಂದನ್ನು ಎತ್ತಿ ಊಟದಕ್ಕನ ಬಾಯಿಗಿಟ್ಟ. ಅವಳು ಅಗಿದಳು. ಅವಳ ಮುಖದಲ್ಲಿ ಎಲ್ಲಾದರೂ ಕಹಿ ಕಾಣುತ್ತದೆಯೋ ಎಂದು ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳು ನುಂಗಿ, ಬಾಯಿ ತೆರೆದು ತೋರಿಸಿದಳು.

ಅವನು ಎರಡನೆಯದನ್ನು ಎತ್ತಿದ. ತಾಯಿ ಮುಂದಕ್ಕೆ ಬಾಗಿದಳು. ಅದೂ ಊಟದಕ್ಕನ ಬಾಯಿಗೇ ಬಂತು. ಮೂರನೆಯದೂ.

ಹಾಸಿಗೆಯ ಮೇಲೆ ಇನ್ನೂ ನಾಲ್ಕು ಚೂರು ಉಳಿದಿದ್ದವು.